ನಡುರಾತ್ರಿ ಹಿಡಿಯುವ ಮೀನಖಂಡ

ಪ್ರಶ್ನೆ: ನನಗೆ 56 ವರ್ಷ. ಒಂದು ತಿಂಗಳಿನಿಂದ ದಿನಾಲೂ ಸಂಜೆ ನೃಪತುಂಗ ಬೆಟ್ಟವನ್ನು ಬಿರುಸಾಗಿ ಹತ್ತಿ ಇಳಿಯುತ್ತಿದ್ದೇನೆ. ವಾರದಲ್ಲಿ ಎರಡು ಮೂರು ರಾತ್ರಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ, ಕೂಗುವಷ್ಟು ನೋವಾಗುತ್ತದೆ. ಮ್ಯಾಗ್ನೀಸಿಯಂ ಗುಳಿಗೆ ನುಂಗಲು ಗೆಳೆಯರು ಹೇಳುತ್ತಾರೆ. ನಡಿಗೆ ಬಿಡಬೇಕೆ?
– ಓದುಗರೊಬ್ಬರು, ಉಣಕಲ್, ಹುಬ್ಬಳ್ಳಿ

ಉತ್ತರ: ನಡಿಗೆಯನ್ನು ದಯವಿಟ್ಟು ಬಿಡಬೇಡಿ, ಎರಡು ವಾರ ಏರು ಕಡಿಮೆ ಮಾಡಿ, ಸಮತಟ್ಟಾದ ದಾರಿಯಲ್ಲಿ ನಡೆದು, ಆಮೇಲೆ ನಿಧಾನವಾಗಿ ಹೆಚ್ಚಿಸಿಕೊಳ್ಳಿ. ಇದನ್ನು ನಾವು ‘ನರ ಹಿಡಿಯಿತು’ ಎನ್ನುತ್ತೇವಾದರೂ ಹಿಡಿಯುವುದು ಸ್ನಾಯು. ಏರು ಹತ್ತುವಾಗ ಹೆಜ್ಜೆ ಹೆಜ್ಜೆಗೂ ಮೈಭಾರವನ್ನು ಎತ್ತಿ ದಣಿದ ಮೀನಖಂಡವು, ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಳ್ಳುವುದರಿಂದ ಮೊದಲೇ ಕುಗ್ಗಿರುತ್ತದೆ. ಆಗ ಸಣ್ಣ ಪ್ರಚೋದನೆಯೂ ಅದನ್ನು ಸೆಳೆತಕ್ಕೆ ದೂಡಬಲ್ಲದು. ಭಾರವಾದ ಕೌದಿಯನ್ನು ಕಾಲಡಿಗೆ ಬಿಗಿಯಾಗಿ ಸಿಕ್ಕಿಸಿಕೊಂಡರೆ ಬೆರಳುಗಳು ಇನ್ನಷ್ಟು ಬಾಗುತ್ತವೆ. ಆದ್ದರಿಂದ ಕೌದಿಯ ತುದಿಯನ್ನು ಸಡಿಲ ಬಿಡಿ.

ಸೆಳೆತ ಬಂದ ಕೂಡಲೇ ಮೊಣಕಾಲನ್ನು ನೇರ ಮಾಡಿ, ಕಾಲ್ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆಯಿರಿ. ಕೈಗೆ ಎಟುಕದಿದ್ದರೆ ಅಂಗಾಲಿಗೆ ಟವೆಲ್ ಸುತ್ತಿ ಎಳೆಯಬಹುದು, ಇಲ್ಲವೇ ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಊರಬಹುದು. ಮನೆಯವರು ಗಾಬರಿಯಿಂದ ಜೋರಾಗಿ ತಿಕ್ಕುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಬಿಗಿ ಸಡಿಲಿದ ಮೇಲೆ ಮೆಲ್ಲಗೆ ನೀವಿರಿ.

ಮಲಗುವ ಮುನ್ನ ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲನ್ನು ಹಿಂದಿಟ್ಟು, ಅದರ ಹಿಮ್ಮಡಿ ಏಳದಂತೆ ಮುಂದಕ್ಕೆ ಬಾಗಿ 30 ಸೆಕೆಂಡು ನಿಲ್ಲಿ. ಪ್ರತಿ ಕಾಲಿಗೆ ಮೂರು ಸಲ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, 55 ದಾಟಿದವರು 6 ವಾರ ಮಲಗುವ ಮುನ್ನ ಕಾಲಿನ ಸ್ನಾಯುಗಳನ್ನು ಹೀಗೆ ಹಿಗ್ಗಿಸಿದಾಗ ಸೆಳೆತಗಳು ಕಡಿಮೆಯಾದವು.

ಮ್ಯಾಗ್ನೀಸಿಯಂ ಗುಳಿಗೆಯಿಂದ ನಿಮ್ಮ ವಯಸ್ಸಿನವರಿಗೆ ಹೇಳಿಕೊಳ್ಳುವಂಥ ಲಾಭ ಕಂಡುಬಂದಿಲ್ಲ. ಈ ಸೆಳೆತಕ್ಕೆ ಹಿಂದೆ ಬಳಸುತ್ತಿದ್ದ ಮಲೇರಿಯಾ ಔಷಧಿ ಕ್ವಿನೈನ್ ಅನ್ನು ಸ್ವಂತವಾಗಿ ಖಂಡಿತ ತೆಗೆದುಕೊಳ್ಳಬೇಡಿ. ಅದು ರಕ್ತದ ಕಣಗಳಿಗೂ ಹೃದಯದ ಬಡಿತಕ್ಕೂ ಅಪಾಯ ತರಬಲ್ಲದು. ಬೆವರು ಹೆಚ್ಚು ಹರಿದ ದಿನ ಮಜ್ಜಿಗೆ, ನೀರು ಸಾಕಷ್ಟು ಕುಡಿಯಿರಿ.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ಅಥವಾ ಕೊಲೆಸ್ಟರಾಲ್ ಗುಳಿಗೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮೂರು ನಾಲ್ಕು ವಾರ ಹೀಗೆ ಮಾಡಿಯೂ ತಗ್ಗದಿದ್ದರೆ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒಂದೇ ಕಾಲು ಬಾತು, ಬಿಸಿಯಾಗಿ, ನೋವು ಹಗಲೂ ಉಳಿದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿರುವುದರ ಲಕ್ಷಣವಾಗಿರಬಹುದು. ಆಗ ಆ ಕಾಲನ್ನು ತಿಕ್ಕಿಸಿಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಿ.