ಆ ಬಾರ್ನ್ ಖಾಲಿಯೇ ಇರಲಿ ಬಿಡಿ

ಪತ್ರ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಲ್ಲಿ ದೊಡ್ಡದೊಂದು ಖಾಲಿ ಬಾರ್ನ್, ಅಂದರೆ ಹೊಲದ ಉಗ್ರಾಣ, ತೋರಿಸಿದರು. ಹಳೇ ಹುಲ್ಲಿನ ಗೋಡೌನಿಗೆ ಇಷ್ಟು ಉಪಚಾರವೇ? ನಾಲ್ಕು ಮನೆ ಮಾಡಿದ್ದರೆ ಜನಕ್ಕಾದರೂ ಆಗುತ್ತಿತ್ತು.
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಜನಕ್ಕೆ ಮನೆ ಬೇಕು, ಒಪ್ಪಿದೆ. ಬಳಸದ ಕಟ್ಟಡ ಬೇಗ ಬೀಳುತ್ತದೆ, ಅದೂ ನಿಜ. ಆದರೆ ಸಾರ್, ಒಳಗೆ ಹೋಗಿ ತಲೆ ಎತ್ತಿ ನೋಡಿದಿರಾ, ಇಲ್ಲ ಬಾಗಿಲಲ್ಲೇ ಫೋಟೋ ತೆಗೆಸಿಕೊಂಡು ಬಂದಿರಾ?

ಅದು ಹುಲ್ಲಿನ ಗೋಡೌನ್ ಅಲ್ಲ. 1426ರ ಹೊತ್ತಿಗೆ ವಿಂಚೆಸ್ಟರ್ ಕಾಲೇಜು ತನ್ನ ಜಮೀನಿನ ಬೆಳೆ ಇಡಲು ಕಟ್ಟಿಸಿದ್ದು. ಉದ್ದ ಸುಮಾರು 58 ಮೀಟರ್, ಎರಡು ಸಾಲು ಓಕ್ ಕಂಬ. ಕವಿ ಜಾನ್ ಬೆಟ್ಜಮನ್ ಇದನ್ನು ಮಿಡ್ಲ್‌ಸೆಕ್ಸಿನ ಕೆಥೆಡ್ರಲ್, ಅಂದರೆ ಆ ಸೀಮೆಯ ಮಹಾ ಚರ್ಚು, ಅಂತ ಕರೆದರು. ವಿನ್ಯಾಸಕಾರ, ಲೇಖಕ ವಿಲಿಯಂ ಮಾರಿಸ್ ಇನ್ನೊಂದು ಹಳ್ಳಿ ಗ್ರೇಟ್ ಕಾಕ್ಸ್‌ವೆಲ್‌ನ ಬಾರ್ನ್ ನೋಡಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅದು ಇನ್ನೂ ಹಳೆಯದು, 13ನೇ ಶತಮಾನದ ಕೊನೆಯದು. ಬ್ಯೂಲಿ ಮಠದ ಸನ್ಯಾಸಿಗಳ ಆಸ್ತಿ.

ಇಂಥ ಬಾರ್ನ್‌ಗಳ ಅಂದ ಎಲ್ಲಾ ಇರೋದು ಕೆಲಸದಲ್ಲೇ. ಸಾಮಾನ್ಯವಾಗಿ ಎದುರುಬದುರು ಎರಡು ದೊಡ್ಡ ಬಾಗಿಲು. ನಡುವಿನ ನೆಲವೇ ಕಣ. ಸಿವುಡು ತಂದು ಎರಡೂ ಬದಿಗೆ ಒಟ್ಟಿ, ಚಳಿಗಾಲವೆಲ್ಲ ಅಲ್ಲೇ ಬಡಿಯುತ್ತಿದ್ದರು. ಬಾಗಿಲು ತೆಗೆದರೆ ಗಾಳಿ ನೇರ ಹಾಯುತ್ತದೆ; ತೂರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ನಮ್ಮವರು ಬಯಲಲ್ಲಿ ಗಾಳಿಗೆ ಕಾಯುತ್ತಾರೆ. ಅಲ್ಲಿನ ಮಳೆ ನಂಬುವಂತಿಲ್ಲ, ಹಾಗಾಗಿ ಕಣಕ್ಕೇ ಸೂರು ಹಾಕಿದರು. ಕೆಲವು ಬಾರ್ನ್‌ಗಳಲ್ಲಿ ಗೂಬೆ ಬರಲಿ ಅಂತ ಗೋಡೆಯ ಮೇಲ್ಭಾಗದಲ್ಲಿ ಕಿಂಡಿಯನ್ನೂ ಬಿಟ್ಟಿದ್ದಾರೆ. ಇಲಿ ಕಾಟಕ್ಕೆ ಔಷಧ! ಎಷ್ಟೋ ಕಡೆ ಕಂಬ-ತೊಲೆ ಸೇರುವ ಜಾಗದಲ್ಲಿ ಉಳಿಯಿಂದ ಗೀರಿದ ರೋಮನ್ ಅಂಕಿ ಕಾಣುತ್ತದೆ. ಬಡಗಿಗಳು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ನಿಲ್ಲಿಸುತ್ತಿದ್ದರು.

ಇದರೊಳಗೆ ನಾಲ್ಕು ಮನೆ ಮಾಡಿ ನೋಡಿ. ಅಡ್ಡಗೋಡೆ, ಅಟ್ಟ, ಬಾತ್‌ರೂಮ್, ಸೂರಿಗೆ ಕಿಟಕಿ. ಕಂಬ ಉಳಿಯುತ್ತದೆ, ಬಾರ್ನ್ ಹೋಗುತ್ತದೆ. 2014ರಿಂದ ಅಲ್ಲಿ ಕೃಷಿ ಕಟ್ಟಡವನ್ನು ಮನೆ ಮಾಡಿಕೊಳ್ಳೋದು ಸಲೀಸಾಗಿದೆ. ಸಂರಕ್ಷಿತ ಪಟ್ಟಿಯಲ್ಲಿದ್ದರೆ ಆ ಸಡಿಲಿಕೆ ಇಲ್ಲ, ಸರಿ. ಪಟ್ಟಿ ಸೇರದ ಸಣ್ಣಪುಟ್ಟವನ್ನು ಕೇಳೋರು ಯಾರು?

ನೀವು ನೋಡಿದ ಬಾರ್ನ್ 2006ರಲ್ಲಿ ಬರೀ 1 ಪೌಂಡಿಗೆ ಕಂಪನಿಯೊಂದರ ಪಾಲಾಗಿತ್ತು. 2011ರಲ್ಲಿ ಹಳೇ ಕಟ್ಟಡ ಕಾಯುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 20,000 ಪೌಂಡ್ ಕೊಟ್ಟು ಕೊಂಡಿತು. ಇದೇನು ಉಪಚಾರವೇ ಸಾರ್?

ರಾಜರ ಅರಮನೆಗಾದರೆ ಟಿಕೆಟ್ ತಗೊಂಡು ಕ್ಯೂ ನಿಲ್ಲುತ್ತೀರಿ. ಅಲ್ಲೂ ಖಾಲಿ ಕೋಣೆಗಳು ಬೇಕಾದಷ್ಟಿವೆ. ಅದನ್ನು ಮನೆ ಮಾಡಿ ಅಂತ ಈವರೆಗೆ ನನಗೆ ಒಂದು ಪತ್ರವೂ ಬಂದಿಲ್ಲ.