ಉಪರಾಷ್ಟ್ರಪತಿ ಉಳಿದ ಅವಧಿ ಪೂರೈಸುತ್ತಾರಾ?

ಸೋಮವಾರಪೇಟೆಯವರೇ, ನಮಸ್ಕಾರ. ರಾಷ್ಟ್ರಪತಿ ಮಧ್ಯದಲ್ಲೇ ತೀರಿಕೊಂಡರೆ ಉಪರಾಷ್ಟ್ರಪತಿ ಉಳಿದ ಅವಧಿ ಪೂರೈಸುತ್ತಾರಾ, ಅವರ ಆಯ್ಕೆಗೆ ನಮ್ಮ ಮಡಿಕೇರಿ, ವಿರಾಜಪೇಟೆ ಶಾಸಕರು ಮತ ಹಾಕುತ್ತಾರಾ ಅಂತ ಕೇಳಿದ್ದೀರಿ. ಎರಡೂ ಇಲ್ಲ.

ಉಳಿದ ಅವಧಿ ಪೂರೈಸುವುದು ಅಮೆರಿಕದ ಪದ್ಧತಿ. ನಮ್ಮಲ್ಲಿ ಅವರು ಹಂಗಾಮಿ ಮಾತ್ರ. ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು, ಗೆದ್ದವರಿಗೆ ಪೂರ್ತಿ ಐದು ವರ್ಷ. ಹಂಗಾಮಿ ಅಂದರೆ ಸುಮ್ನೆ ಕೂರುವುದು ಅಂದುಕೊಳ್ಳಬೇಡಿ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜುಲೈವರೆಗೆ ಆ ಹೊಣೆ ಹೊತ್ತವರು ನಮ್ಮ ಬಿ.ಡಿ. ಜತ್ತಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಎರಡು ವರ್ಷಕ್ಕೆ, 1958ರಲ್ಲಿ, ಮುಖ್ಯಮಂತ್ರಿಯಾದವರೂ ಇವರೇ. ತುರ್ತು ಪರಿಸ್ಥಿತಿ ಮುಗಿದು ಮೊರಾರ್ಜಿ ದೇಸಾಯಿ ಬಂದಾಗ ಪ್ರಮಾಣವಚನ ಬೋಧಿಸಿದ್ದು ಜತ್ತಿಯವರು. ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಲು ಮೊದಲು ಹಿಂಜರಿದರು, ಆಮೇಲೆ ಹಾಕಿದರು. ಸಂಪುಟದ ಸಲಹೆ ಮೀರುವಂತಿಲ್ಲ ಅಲ್ವಾ? ಆ ಕುರ್ಚಿಯ ಮಿತಿ ಅಲ್ಲೇ ಕಾಣುತ್ತದೆ. ನನಗೆ ಅವರ ಆ ಹಿಂಜರಿಕೆ ಬಗ್ಗೆ ಗೌರವವಿದೆ.

ಮತದ ವಿಷಯ: ಶಾಸಕರು ರಾಷ್ಟ್ರಪತಿ ಚುನಾವಣೆಗಷ್ಟೇ. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಸದಸ್ಯರು. ಹಾಗಾಗಿ ನಮ್ಮ ಮೈಸೂರು-ಕೊಡಗು ಸಂಸದರಿಗೆ ಮತವಿದೆ.

ಉಪರಾಷ್ಟ್ರಪತಿಯ ನಿತ್ಯದ ಕೆಲಸ ರಾಜ್ಯಸಭೆ ನಡೆಸುವುದು. ಸಂಬಳವೂ ಸಭಾಪತಿ ಸ್ಥಾನದ್ದೇ. ಮತಗಳು ಸಮ ಬಿದ್ದಾಗ ಮಾತ್ರ ಅಲ್ಲಿ ಅವರು ಮತ ಹಾಕಬಹುದು.