ಮೋಟರ್‌ಹೋಮ್ ನೆಲ ಒಂದು ಕಡೆ ಮೆತ್ತಗಾಗಿದೆ. ಮೇಲೊಂದು ಪ್ಲೈವುಡ್ ಹೊಡೆದರೆ ಸಾಕಾ?

ಸಿಂಕ್ ಮುಂದೆ ನಿಂತರೆ ನೆಲ ತಗ್ಗುತ್ತೆ, ಕಾಲೆತ್ತಿದರೆ ಮತ್ತೆ ಮೇಲೆ ಬರುತ್ತೆ, ಕಿರುಗುಟ್ಟುತ್ತೆ, ಅದರ ಮೇಲೇ ಹಲಗೆ ಹೊಡೆಯಬಹುದಾ ಅಂತ ಕೇಳಿದ್ದೀರಿ. ಬೇಡ. ಒಳಗೆ ನೀರಿದ್ದರೆ ಹಲಗೆ ಅದನ್ನು ಮುಚ್ಚಿಡುತ್ತೆ ಅಷ್ಟೆ. ನೀರಿಲ್ಲದಿದ್ದರೆ ಹಲಗೆಯ ಅಗತ್ಯವೇ ಇಲ್ಲ.

ಮೋಟರ್‌ಹೋಮ್, ಅಂದರೆ ಒಳಗೇ ವಾಸ ಮಾಡುವ ಗಾಡಿಗಳ ನೆಲ ಸಾಮಾನ್ಯವಾಗಿ ಮೂರು ಪದರದ್ದು: ಮೇಲೆ ತೆಳು ಪ್ಲೈವುಡ್, ನಡುವೆ ಥರ್ಮೋಕೋಲ್ ಥರದ ಫೋಮ್, ಕೆಳಗೆ ಇನ್ನೊಂದು ಪ್ಲೈವುಡ್. ಬಿಡಿಬಿಡಿಯಾಗಿ ಯಾವುದಕ್ಕೂ ಬಲವಿಲ್ಲ, ಮೂರೂ ಅಂಟಿಕೊಂಡಿದ್ದರೆ ಮಾತ್ರ ಗಟ್ಟಿ. ಜನ ಹೆಚ್ಚು ನಿಲ್ಲುವ ಸಿಂಕ್ ಮುಂದೆ, ಬಾಗಿಲ ಹತ್ತಿರ, ತುಳಿದು ತುಳಿದು ಅಂಟು ಬಿಡುತ್ತೆ. ನಿಮ್ಮದು ಇದೇ ಇರಬಹುದು ಅನ್ನಿಸುತ್ತೆ, ಆದರೆ ಸಿಂಕ್ ಅಂದರೆ ಪೈಪೂ ಇದೆ. ಹಾಗಾಗಿ ಮೊದಲು ನೋಡಿ.

ವಿನೈಲ್ ಹಾಸನ್ನು ಎತ್ತಿ ತೇವದ ಮೀಟರ್ ಚುಚ್ಚಿ. ತೇವ ಶೇಕಡಾ 15ರ ಒಳಗಿದ್ದರೆ ಚಿಂತೆಯಿಲ್ಲ. 20 ದಾಟಿದರೆ ನೀರು ಎಲ್ಲಿಂದಲೋ ಬರ್ತಿದೆ. ಗೋಡೆಯ ಬುಡ, ಶವರ್ ಟ್ರೇ ಪಕ್ಕ, ಚಕ್ರದ ಮೇಲಿನ ಮೂಲೆ, ಇಲ್ಲೆಲ್ಲಾ ಕೂಡ ಚುಚ್ಚಿ. ಮೀಟರ್ ಇಲ್ಲವಾ? ಚೂಪು ದಬ್ಬಳ ಸಾಕು. ಒಳ್ಳೆ ಪ್ಲೈವುಡ್ ಅದನ್ನು ತಡೆಯುತ್ತೆ, ಕೊಳೆತು ಲಡ್ಡಾಗಿದ್ದರೆ ಸಲೀಸಾಗಿ ಇಳಿದುಬಿಡುತ್ತೆ, ತುದಿಗೆ ಕಪ್ಪು ಪುಡಿ ಮೆತ್ತಿ ಬರುತ್ತೆ. ಮುಗ್ಗಲು ವಾಸನೆಯೂ ಸುಳ್ಳು ಹೇಳಲ್ಲ.

ಒಣಗಿದ್ದರೆ ಕೆಲಸ ಸುಲಭ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬರುವಷ್ಟು ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ. ಅದರೊಳಗೆ ಹತ್ತು ಸೆಂಟಿಮೀಟರಿಗೊಂದರಂತೆ ತೂತು ಕೊರೆಯಿರಿ, ಮೇಲಿನ ಪ್ಲೈವುಡ್ ಮಾತ್ರ ದಾಟಬೇಕು. ಡ್ರಿಲ್ ಬಿಟ್ಟಿಗೆ ಅಳತೆ ಮಾಡಿ ಟೇಪ್ ಸುತ್ತಿಕೊಳ್ಳಿ. ನೆಲದ ಒಳಗೋ ಕೆಳಗೋ ವೈರು, ನೀರಿನ ಪೈಪು, ಗ್ಯಾಸ್ ಪೈಪು ಹೋಗಿರುತ್ತೆ, ಕೊರೆಯುವ ಮುಂಚೆ ಗಾಡಿ ಕೆಳಗೆ ಒಮ್ಮೆ ಇಣುಕಿ. ಪುಡಿಯನ್ನೆಲ್ಲ ವ್ಯಾಕ್ಯೂಮಿನಲ್ಲಿ ಎಳೆದು ತೆಳುವಾದ ಎಪಾಕ್ಸಿಯನ್ನು (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ಸಿರಿಂಜಿನಲ್ಲಿ ಬಿಡಿ. ಪಕ್ಕದ ತೂತಿನಿಂದ ಉಕ್ಕಿ ಬಂದರೆ ಈ ತೂತಿಗೆ ಮರದ ಗೂಟ ಬಡಿದು ಮುಂದಿನದಕ್ಕೆ ಹೋಗಿ. ಎಲ್ಲ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಪಾಟು ಹಲಗೆ, ಅದರ ಮೇಲೆ ಭಾರ. ಒಂದಿಡೀ ದಿನ ಯಾರೂ ತುಳಿಯಬಾರದು.

ಎಪಾಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಕಲಸಿ. ಒಮ್ಮೆಗೇ ತುಂಬಾ ಕಲಸಿದರೆ ಕಲಸಿದ ಲೋಟದಲ್ಲೇ ಕಾದು ಹೊಗೆಯಾಡುತ್ತೆ. ಅಗ್ಗ ಅಂತ ಪಾಲಿಯೆಸ್ಟರ್ ರೆಸಿನ್ ಮಾತ್ರ ತರಲೇಬೇಡಿ, ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತೆ. ಮೆತ್ತಗಿದ್ದ ಕಡೆ ಗುಂಡಿಯೇ ಆಗುತ್ತೆ. ಡಬ್ಬಿಯಿಂದ ಉಬ್ಬಿ ಬರುವ ಫೋಮ್ ತುಂಬುವವರೂ ಇದ್ದಾರೆ. ಅದು ನೆಲವನ್ನು ಮೇಲಕ್ಕೆ ನೂಕಿ ಗುಡ್ಡ ಮಾಡುತ್ತೆ, ಆಮೇಲೆ ತಗ್ಗಿಸೋಕೆ ಆಗಲ್ಲ.

ಲಡ್ಡಾಗಿದ್ದರೆ ಇದ್ಯಾವುದೂ ನಡೆಯಲ್ಲ, ಕೊಳೆತ ಮರಕ್ಕೆ ಎಪಾಕ್ಸಿ ಸುರಿಯೋದು ದಂಡ. ಮೊದಲು ಸೋರಿಕೆ ನಿಲ್ಲಿಸಿ. ನಂತರ ಸರ್ಕ್ಯುಲರ್ ಸಾ (ತಿರುಗುವ ಗರಗಸ) ಆಳವನ್ನು ಮೇಲಿನ ಪ್ಲೈವುಡ್ ದಪ್ಪಕ್ಕಷ್ಟೇ ಇಟ್ಟು, ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆಯಿರಿ. ನೆನೆದ ಫೋಮನ್ನೂ ಕಿತ್ತು, ಮೀಟರ್ 15ಕ್ಕಿಂತ ಕೆಳಗೆ ಇಳಿಯುವವರೆಗೆ ಒಣಗಲು ಬಿಡಿ. ವಾರಗಟ್ಟಲೆ ಹಿಡಿದರೂ ಅವಸರ ಬೇಡ. ಹೊಸ ಫೋಮ್, ಹಳೆಯದರಷ್ಟೇ ದಪ್ಪದ ಮರೈನ್ ಪ್ಲೈ (ನೀರು ತಡೆಯುವ ಪ್ಲೈವುಡ್), ಪಾಲಿಯುರೆಥೇನ್ ಅಂಟು, ಮೇಲೆ ಭಾರ. ಹಳೇ ಹಲಗೆ ಹೊಸ ಹಲಗೆ ಸೇರುವ ಕಡೆ ಕೆಳಗೆ ಮರದ ಪಟ್ಟಿ ಕೊಡಬೇಕು, ಇಲ್ಲದಿದ್ದರೆ ಆ ಗೆರೆಯೇ ಮತ್ತೆ ಕುಸಿಯುತ್ತೆ. ಸ್ಕ್ರೂ ಹೊಡೆಯೋದಾದರೂ ಈ ಪಟ್ಟಿಗೇ ಹೊಡೆಯಿರಿ, ಫೋಮ್ ಸ್ಕ್ರೂ ಹಿಡಿಯಲ್ಲ.

ಕೆಳಗಿನ ಪ್ಲೈವುಡ್ಡೂ ಹೋಗಿದ್ದರೆ ನಾನಾದರೆ ಒಬ್ಬನೇ ಕೈ ಹಾಕಲ್ಲ, ಗಾಡಿಯನ್ನು ಎತ್ತಿ ಕೆಲಸ ಮಾಡುವ ವರ್ಕ್‌ಶಾಪಿಗೆ ಕೊಡ್ತೀನಿ.